ಗರಟೆ ಒಲೆಗೆ ಹಾಕುವ ಮೊದಲು ಒಂದು ಸೌಟು ಮಾಡಿ ನೋಡಿ

ತಂಬ್ಳಿ ಬಡಿಸುವುದಕ್ಕೆ ತೆಂಗಿನ ಗರಟೆ ಸೌಟಿನಷ್ಟು ಚೆಂದದ್ದು ಬೇರೆ ಇಲ್ಲ. ಕೈಗೆ ಹಗುರ. ಪಾತ್ರೆಗೆ ಗೀರು ಬೀಳುವುದಿಲ್ಲ, ಮಾವಿನಕಾಯಿಯ ಹುಳಿಸಾರು ಅಪ್ಪೆಹುಳಿಯಲ್ಲೇ ಬಿಟ್ಟರೂ ಕಿಲುಬಿನ ಭಯವಿಲ್ಲ. ಕಾರವಾರ, ಅಂಕೋಲಾ, ಕುಮಟಾ ಕಡೆ ಕಾಯಿ ಒಡೆಯದ ದಿನವೇ ಕಡಿಮೆ, ಆದರೆ ಆ ಗರಟೆಯೆಲ್ಲ ಬಚ್ಚಲ ಒಲೆಗೇ ಹೋಗುತ್ತದೆ ಅಲ್ವಾ? ಒಂದನ್ನಾದರೂ ಉಳಿಸಿಕೊಳ್ಳಿ.

ಕಾಯಿ ಚೆನ್ನಾಗಿ ಬಲಿತಿರಬೇಕು. ಎಳೆಯದರ ಗರಟೆ ತೆಳು, ಒಣಗಿದಾಗ ಬಿರಿಯುತ್ತದೆ. ಕತ್ತಿಯಲ್ಲಿ ಹೊಡೆಯಬೇಡಿ. ನಾನು ಮೊದಲ ಸಲ ಹಾಗೇ ಒಡೆದು, ಎರಡು ದಿನ ಕೂತು ಉಜ್ಜಿ, ಕೊನೆಗೆ ಸಾರು ತುಂಬಿದರೆ ಕೂದಲೆಳೆಯಷ್ಟು ಸೀಳಿನಿಂದ ತೊಟ್ಟು ತೊಟ್ಟಾಗಿ ಸೋರಿತು. ಕಾಯಿಯ ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಅದನ್ನು ಚುಚ್ಚಿ ನೀರು ತೆಗೆಯಿರಿ. ಆಮೇಲೆ ನಡುವಿಗೆ ಗೆರೆ ಎಳೆದುಕೊಂಡು, ಕಾಯಿ ತಿರುಗಿಸುತ್ತಾ ಹ್ಯಾಕ್ಸಾ ಬ್ಲೇಡಿನಲ್ಲಿ ಸುತ್ತ ಕೊಯ್ಯಿರಿ. ಸೌಟಿಗೆ ಕಣ್ಣಿಲ್ಲದ ಕಡಿಯೇ ಬೇಕು.

ಎರಡು ಮೂರು ದಿನ ಒಳ್ಳೆ ಬಿಸಿಲಿಗಿಟ್ಟರೆ ಕೊಬ್ಬರಿ ತಾನೇ ಬಿಡುತ್ತದೆ.

ಇನ್ನು ಉಜ್ಜುವ ಕೆಲಸ. ಇಲ್ಲಿ ಅವಸರ ಬೇಡ. ಮೊದಲು ಚಾಕುವಿನ ಬೆನ್ನಿನಿಂದ ಜುಂಗು ಕೆರೆದು ತೆಗೆಯಿರಿ. ನಂತರ ಉಪ್ಪುಕಾಗದ: ಒರಟಾದ 80 ನಂಬರಿನಿಂದ ಶುರು ಮಾಡಿ 120, 220, ಕೊನೆಗೆ ನಯವಾದ 400. ಒಳಗೂ ಹೊರಗೂ. ಧೂಳು ಜಾಸ್ತಿ, ಅದಕ್ಕೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂರಿ. 220ಕ್ಕೆ ಬರುವ ಹೊತ್ತಿಗೆ ಬೂದು ಬಣ್ಣ ಹೋಗಿ ಕಪ್ಪು ಕಂದು ಮೈ ಕಾಣುತ್ತದೆ, ಅದರ ಮೇಲೆ ನಸು ಬಣ್ಣದ ಸಣ್ಣ ಸಣ್ಣ ಗೆರೆಗಳು. ಎರಡು ಗರಟೆಯ ಗೆರೆ ಒಂದೇ ಥರ ಇರುವುದಿಲ್ಲ. ನನಗೆ ಅತಿ ಇಷ್ಟದ ಗಳಿಗೆ ಅದೇ.

ಹಿಡಿಕೆಗೆ ಒಂದಡಿ ಉದ್ದದ ಒಣ ಬಿದಿರು ಸಾಕು. ಅಂಚಿನಿಂದ ಅರ್ಧ ಇಂಚು ಕೆಳಗೆ ಎದುರುಬದುರು ಎರಡು ತೂತು ಕೊರೆಯಿರಿ, ಕೈ ಕಡೆಯದು ದೊಡ್ಡದು, ಆಚೆಯದು ಸಣ್ಣದು. ಅಂಚಿಗೆ ತೀರಾ ಹತ್ತಿರ ಕೊರೆದರೆ ಚೂರು ಎದ್ದು ಬರುತ್ತದೆ, ಕೆಳಗೆ ಹೋದಷ್ಟೂ ಸೌಟಿಗೆ ಹಿಡಿಯುವ ಸಾರು ಕಡಿಮೆ. ಬಿದಿರಿನ ತುದಿ ಚೂಪಾಗಿ ಕೆತ್ತಿ, ದೊಡ್ಡ ತೂತಿನಿಂದ ತೂರಿಸಿ ಆಚೆ ತೂತಿಗೆ ಬಿಗಿಯಾಗಿ ಸಿಕ್ಕಿಸಿ. ಗೋಂದು ಬೇಡವೇ ಬೇಡ. ಒದ್ದೆಯಾದಾಗ ಬಿದಿರು ಉಬ್ಬಿ ಇನ್ನಷ್ಟು ಬಿಗಿಯುತ್ತದೆ.

ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು ಒರೆಸಿ. ವಾರ್ನಿಶ್ ಹಚ್ಚಬೇಡಿ, ಊಟಕ್ಕೆ ಬಳಸುವ ವಸ್ತು ಇದು. ತೊಳೆದ ಮೇಲೆ ನೀರಲ್ಲಿ ನೆನೆಸಿಡಬೇಡಿ, ಒರೆಸಿ ತೂಗುಹಾಕಿ. ನಮ್ಮ ಕಡೆಯ ಮಳೆಗಾಲಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ, ಆಗ ಒಲೆ ಹತ್ತಿರ ನೇತುಹಾಕಿ, ತಿಂಗಳಿಗೊಮ್ಮೆ ಎಣ್ಣೆ ಕೈ ಆಡಿಸಿ.

ಕಣ್ಣಿರುವ ಇನ್ನೊಂದು ಕಡಿ ಉಳಿಯಿತಲ್ಲ, ಅದಕ್ಕೆ ಮಣ್ಣು ತುಂಬಿ ದೊಡ್ಡಪತ್ರೆಯ ಒಂದು ಟೊಂಗೆ ಊರಿ. ಚುಚ್ಚಿದ ಕಣ್ಣಿನಿಂದ ಹೆಚ್ಚಿನ ನೀರು ಇಳಿದು ಹೋಗುತ್ತದೆ.