ಎಂಐ ಕೋಡಿಂಗ್: ಮೊದಲು ಟೈಪ್, ಆಮೇಲೆ ಎಸ್‌ಟಿ

ಹೃದಯಾಘಾತದ (ಎಂಐ) ಚಾರ್ಟ್ ಕೋಡ್ ಹಾಕಲು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಸ್ಟೆಮಿಯೋ (ಇಸಿಜಿಯಲ್ಲಿ ಎಸ್‌ಟಿ ಭಾಗ ಏರಿದ್ದು) ಎನ್‌ಸ್ಟೆಮಿಯೋ (ಏರದಿದ್ದದ್ದು) ಎಂಬುದನ್ನಲ್ಲ, ಡಾಕ್ಟರ್ ಯಾವ ಟೈಪ್ ಎಂದು ಬರೆದಿದ್ದಾರೆ ಎಂಬುದನ್ನು. ರೋಗಗಳಿಗೆ ಕೋಡ್ ಕೊಡುವ ಅಮೆರಿಕದ ಪಟ್ಟಿ ಐಸಿಡಿ-10-ಸಿಎಂನಲ್ಲಿ ಐ21.01ರಿಂದ ಐ21.4ರವರೆಗಿನ ಕೋಡ್‌ಗಳು ಟೈಪ್ 1ಕ್ಕೆ ಮಾತ್ರ. ಅಂದರೆ ಹೃದಯದ ನಾಳದೊಳಗಿನ ಪ್ಲಾಕ್ (ಕೊಬ್ಬಿನ ಪದರ) ಒಡೆದು ರಕ್ತ ಹೆಪ್ಪುಗಟ್ಟಿ ಆದದ್ದು. ಟೈಪ್ 2ರಲ್ಲಿ ಕಾರಣ ಬೇರೆ ಕಡೆ ಇರುತ್ತದೆ: ರಕ್ತಸ್ರಾವ, ವಿಪರೀತ ಹೃದಯ ಬಡಿತ, ಬಿಪಿ ಕುಸಿತ.

ಹೆಚ್ಚಿನವರು ಎಡವುವುದು ಇಲ್ಲೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ತೀವ್ರ ರಕ್ತಸ್ರಾವದ ಅನೀಮಿಯಾದಿಂದ ಟೈಪ್ 2 ಎನ್‌ಸ್ಟೆಮಿ' ಎಂದಿರುತ್ತದೆ. ಎನ್‌ಸ್ಟೆಮಿ ಕಣ್ಣಿಗೆ ಬಿದ್ದ ಕೂಡಲೇ ಐ21.4 ಹಾಕಿಬಿಡುತ್ತಾರೆ. ತಪ್ಪು. ಮೊದಲು ಆ ಅನೀಮಿಯಾದ ಡಿ62, ಆಮೇಲೆ ಟೈಪ್ 2ರ ಐ21.ಎ1, ಅಷ್ಟೇ. ಜೊತೆಗೆ ಡಿಮ್ಯಾಂಡ್ ಇಸ್ಕೀಮಿಯಾದ (ಬೇಡಿಕೆಗೆ ತಕ್ಕಷ್ಟು ರಕ್ತ ಹೃದಯಕ್ಕೆ ಸಿಗದಿರುವುದು) ಐ24.89 ಸೇರಿಸುವಂತಿಲ್ಲ. ಟೈಪ್ 3, 4, 5 ಎಲ್ಲಕ್ಕೂ ಐ21.ಎ9.

ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಕಾಣುವ ಟ್ರೋಪೋನಿನ್ ಏರಿದ ಮಾತ್ರಕ್ಕೆ ಎಂಐ ಆಗಲಿಲ್ಲ. ಲ್ಯಾಬ್ ಅಂಕಿ ನೋಡಿ ಕೋಡರ್ ರೋಗನಿರ್ಣಯ ಮಾಡುವಂತಿಲ್ಲ. ಇಸ್ಕೀಮಿಯಾ ಇಲ್ಲದ ಮಯೋಕಾರ್ಡಿಯಲ್ ಇಂಜುರಿ (ಹೃದಯದ ಸ್ನಾಯುವಿನ ಹಾನಿ) ಎಂದು ಡಾಕ್ಟರ್ ಬರೆದಿದ್ದರೆ ಐ5ಎ. 2021ರ ಅಕ್ಟೋಬರ್‌ನಿಂದ ಆ ಕೋಡ್ ಇದೆ. ಒಂದು ದಿನದ ನೋಟ್‌ನಲ್ಲಿ 'ಟೈಪ್ 2', ಮರುದಿನ 'ಇಂಜುರಿ' ಎಂದಿದ್ದರೆ ಊಹಿಸದೆ ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸುತ್ತೇನೆ.

ಟೈಪ್ 1 ಸ್ಟೆಮಿ ಎಂದು ಖಚಿತವಾದ ಮೇಲೆ ಯಾವ ನಾಳ ಎಂದು ಕಾರ್ಡಿಯಾಲಜಿಸ್ಟ್‌ನ ಕ್ಯಾಥ್ (ಹೃದಯದ ನಾಳಗಳ ಪರೀಕ್ಷೆ) ರಿಪೋರ್ಟ್‌ನಲ್ಲಿ ನೋಡುತ್ತೇನೆ. ಎಲ್‌ಎಡಿ (ಎಡ ಮುಂಭಾಗದ ನಾಳ) ಆದರೆ ಐ21.02, ಆರ್‌ಸಿಎ (ಬಲ ನಾಳ) ಆದರೆ ಐ21.11, ಸರ್ಕಮ್‌ಫ್ಲೆಕ್ಸ್ (ಎಡಕ್ಕೆ ಸುತ್ತುವ ನಾಳ) ಆದರೆ ಐ21.21. ಬ್ಲಾಕ್ ಇರುವ ನಾಳಗಳೆಲ್ಲ ಲೆಕ್ಕಕ್ಕಿಲ್ಲ. ಆರ್‌ಸಿಎ ಪೂರ್ತಿ ಮುಚ್ಚಿ ಎಂಐ ಆಗಿದ್ದು, ಎಲ್‌ಎಡಿಯಲ್ಲಿ 60% ಹಳೆಯ ಬ್ಲಾಕ್ ಇದ್ದರೆ ಸ್ಟೆಮಿ ಕೋಡ್ ಆರ್‌ಸಿಎಗೇ. ಎನ್‌ಸ್ಟೆಮಿ ಮುಂದೆ ಸ್ಟೆಮಿಯಾದರೆ ಸ್ಟೆಮಿ ಕೋಡ್. ಹೆಪ್ಪು ಕರಗಿಸುವ ಔಷಧದಿಂದ ಸ್ಟೆಮಿ ಎನ್‌ಸ್ಟೆಮಿಗೆ ಇಳಿದರೂ ಸ್ಟೆಮಿ ಕೋಡೇ.

ಕೊನೆಗೆ ತಾರೀಖು. ನಾಲ್ಕು ವಾರದೊಳಗೆ ಚಿಕಿತ್ಸೆ ನಡೆಯುತ್ತಿದ್ದರೆ, ಬೇರೆ ಆಸ್ಪತ್ರೆಗೆ ಸಾಗಿಸಿದ್ದರೂ, ಐ21 ಮುಂದುವರಿಯುತ್ತದೆ. ವಾಸಿಯಾದ ಹಳೆಯದಕ್ಕೆ ಐ25.2. ಮಾರ್ಚ್ 1ರಂದು ಟೈಪ್ 1 ಎಂಐ ಆಗಿ ಮಾರ್ಚ್ 20ಕ್ಕೆ ಟೈಪ್ 1 ಎನ್‌ಸ್ಟೆಮಿ ಮತ್ತೆ ಬಂದರೆ ಮರುಕಳಿಸಿದ ಎಂಐನ ಕೋಡ್ ಐ22.2, ಜೊತೆಗೆ ಮೊದಲಿನದಕ್ಕೆ ಐ21. ಐ22 ಒಂದೇ ನಿಲ್ಲುವುದಿಲ್ಲ. ಎರಡನೆಯದು ಟೈಪ್ 2 ಆಗಿದ್ದರೆ ಐ22ರ ಗೊಡವೆಯೇ ಬೇಡ, ಅದಕ್ಕೆ ಐ21.ಎ1.