'ಹೋಗಿ ಬರ್ತೀನಿ' ಅನ್ನುವ ಮುಂಚೆ

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ನರ್ಸು. ಟಾಂಜಾನಿಯಾದ ಟಾಂಗಾ ಕಡೆ ಆರು ತಿಂಗಳ ಸ್ವಯಂಸೇವೆಗೆ ಹೋದವಳು, ಮುಂದಿನ ತಿಂಗಳು ಹಾವೇರಿಗೆ ವಾಪಸ್. 'ಸರ್, ಬರೂದು ಸರಳ ಇತ್ರಿ. ಇವರನ್ನ ಬಿಟ್ಟು ಹೊಂಡೂದು ಹೆಂಗ್ರಿ?' ಅಂದಳು. ಫೋನಿನಲ್ಲಿ ಎರಡು ಮಾತು ಹೇಳಿದೆ. ಸಾಲಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅವಳಿಗೂ ಆಯಿತು, ಮುಂದೆ ಹೋಗುವವರಿಗೂ ಆಯಿತು.

ನಾನು ಗಣಿತದ ಮಾಸ್ತರ. ಹಾವೇರಿ ಜಿಲ್ಲೆಯ ಹೈಸ್ಕೂಲುಗಳಲ್ಲೇ ನೌಕರಿ ಮುಗಿಸಿ ನಿವೃತ್ತನಾದೆ. 2023ರ ಜನವರಿಯಿಂದ ಡಿಸೆಂಬರ್‌ವರೆಗೆ, ಅಂದರೆ ಅಲ್ಲಿಯವರ ಒಂದು ಶಾಲಾ ವರ್ಷ, ಅದೇ ಟಾಂಜಾನಿಯಾದ ಮೊರೊಗೊರೊ ಹತ್ತಿರ ಉಲುಗುರು ಬೆಟ್ಟದ ಬುಡದ ಒಂದು ಶಾಲೆಯಲ್ಲಿ ಕಲಿಸಿದೆ. ಅಲ್ಲಿ ಪ್ರೈಮರಿ ಅವರ ಭಾಷೆ ಸ್ವಾಹಿಲಿಯಲ್ಲಿ, ಮುಂದೆ ಎಲ್ಲ ಇಂಗ್ಲಿಷ್. ಕನ್ನಡ ಶಾಲೆಯಿಂದ ಪಿಯುಸಿ ಸೈನ್ಸಿಗೆ ಹೋಗಿ ಪಿಳಿಪಿಳಿ ಕಣ್ಣು ಬಿಡುವ ನಮ್ಮ ಮಕ್ಕಳನ್ನು ನೋಡಿದವನಿಗೆ ಆ ಮುಖಗಳು ಹೊಸವೇನೂ ಆಗಿರಲಿಲ್ಲ.

ಮೊದಲು ಬಾಯಿ ಹಿಡಿತದಲ್ಲಿರಲಿ. ನಮ್ಮಲ್ಲಿ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಅಂದರೆ ಮನೆಯ ಹಿರಿಯರು ಬೈಯುತ್ತಾರೆ. ಸಂತೆಗೆ ಹೊರಟವನೂ 'ಹೋಗಿ ಬರ್ತೀನಿ' ಅನ್ನುತ್ತಾನೆ, ಬಾಡಿಗೆ ಮನೆ ಖಾಲಿ ಮಾಡಿ ಊರೇ ಬಿಟ್ಟವನೂ ಅದನ್ನೇ ಅನ್ನುತ್ತಾನೆ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ವಾ? ನಾನು ಅದೇ ರೂಢಿಯಲ್ಲಿ ಕ್ಲಾಸಿನಲ್ಲಿ 'ನಿಟಾರುಡಿ' ಅಂದುಬಿಟ್ಟೆ. ವಾಪಸ್ ಬರ್ತೀನಿ ಅಂತ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: 'ಲಿನಿ, ಮ್ವಾಲಿಮು?' ಯಾವಾಗ, ಮಾಸ್ತರ?

ಅರವತ್ತು ವರ್ಷದಲ್ಲಿ ಎಷ್ಟು ಸಲ 'ಹೋಗಿ ಬರ್ತೀನಿ' ಅಂದಿದ್ದೇನೋ. 'ಯಾವಾಗ' ಅಂತ ಒಬ್ಬರೂ ಕೇಳಿರಲಿಲ್ಲ. ಡಸ್ಟರ್ ಹಿಡಿದುಕೊಂಡು ಸುಮ್ನೆ ನಿಂತೆ. ಅವಳು ಕೂರಲೇ ಇಲ್ಲ, ಉತ್ತರಕ್ಕೆ ಕಾಯುತ್ತಲೇ ಇದ್ದಳು.

ನಮ್ಮ ಮಾತಿನಲ್ಲಿ ಅದು ಬರೀ ನಮಸ್ಕಾರ. ಅವರ ಮಾತಿನಲ್ಲಿ ಅದು ಕೊಟ್ಟ ಮಾತು. ಆದ್ದರಿಂದ 'ಕ್ವಾಹೇರಿ' ಅನ್ನಿ, ವಿದಾಯ ಅಂತ. ಬಹಳ ಜನ ಇದ್ದರೆ 'ಕ್ವಾಹೇರಿನಿ'. 'ಟುಟಾವೊನಾನ' ಅಂದರೆ ಮತ್ತೆ ಸಿಗೋಣ ಅಂತ, ಅದಕ್ಕೆ ತಾರೀಖು ಬೇಕಿಲ್ಲ. ಅವರು 'ಕರಿಬು ಟೇನ' ಅನ್ನುತ್ತಾರೆ, ಮತ್ತೆ ಬನ್ನಿ ಅಂತ. ಅದಕ್ಕೆ 'ಅಸಾಂಟೆ', ಥ್ಯಾಂಕ್ಸ್ ಅಂತ, ಅಂದರೆ ಸಾಕು. 'ಖಂಡಿತ ಬರ್ತೀನಿ' ಬೇಡ. ಟಿಕೆಟ್ ಕೈಯಲ್ಲಿದ್ದರೆ ಮಾತ್ರ ಹೇಳಿ.

ಯಾವಾಗ ಹೇಳಬೇಕು ಅನ್ನುವುದರಲ್ಲೂ ನಾನು ತಪ್ಪಿದೆ. ಹೆಡ್‌ಮಾಸ್ತರಿಗೆ ಎರಡು ತಿಂಗಳು ಮುಂಚೆ ಹೇಳಿ. ಮಕ್ಕಳಿಗೆ ಪರೀಕ್ಷೆ ಮುಗಿದ ಮೇಲೆ ಹೇಳಿ. ಅಲ್ಲಿ ಫಾರ್ಮ್ ಫೋರ್ ಮಕ್ಕಳಿಗೆ ನವೆಂಬರಿನಲ್ಲಿ ರಾಷ್ಟ್ರೀಯ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ನಾನು ಅಕ್ಟೋಬರಿನಲ್ಲೇ ಬಾಯಿಬಿಟ್ಟೆ. ಮಾರನೇ ದಿನದಿಂದ ಲಾಗರಿದಮ್ ಬಿಟ್ಟು ನನಗೆ ಕಾಣಿಕೆ ಕೊಡಲು ಪಟ್ಟಿ ಎತ್ತುವುದು ಶುರುವಾಯಿತು. ಮಧ್ಯಾಹ್ನದ ಊಟಕ್ಕೆ ಅಂತ ಮನೆಯಲ್ಲಿ ಕೊಟ್ಟ ಚಿಲ್ಲರೆ ಅದು. ಹೆಡ್‌ಮಾಸ್ತರನ್ನು ಹಿಡಿದು ನಿಲ್ಲಿಸಬೇಕಾಯಿತು. ನೀವೇ ನೇರವಾಗಿ ಬೇಡ ಅಂದರೆ ಮಕ್ಕಳ ಮುಖ ಸಣ್ಣದಾಗುತ್ತದೆ. ಅಲ್ಲಿಯವರ ಬಾಯಿಂದಲೇ ಹೇಳಿಸಿ.

ಚಾರ್ಜ್ ಕೊಡುವುದನ್ನು ಮರೆಯಬೇಡಿ. ಕೀಲಿ, ಅಂಕಪಟ್ಟಿ, ಯಾವ ಪಾಠ ಎಲ್ಲಿಗೆ ನಿಂತಿದೆ, ಯಾರಿಗೆ ಭಿನ್ನರಾಶಿಯೇ ಗಟ್ಟಿ ಇಲ್ಲ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನವರ ಕೈಗೆ ಕೊಡಿ. ಹಾಸಿಗೆ, ಸ್ಟೋವ್, ಸೊಳ್ಳೆಪರದೆ ಒಬ್ಬೊಬ್ಬರಿಗೆ ಹಂಚಲು ಹೋಗಬೇಡಿ. ಶಾಲೆಗೆ ಒಪ್ಪಿಸಿಬಿಡಿ. ಇಲ್ಲದಿದ್ದರೆ ನೀವು ಬಂದ ಮೇಲೆ ಅಲ್ಲಿ ಜಗಳ.

ಇನ್ನು ಉಡುಗೊರೆ. ಅಲ್ಲಿ ಹೆಣ್ಣುಮಕ್ಕಳು ಸುತ್ತಿಕೊಳ್ಳುವ ಕಾಂಗಾ ಅಂತ ಬಟ್ಟೆ ಇದೆ. ಜೋಡಿಯಾಗಿ ಮಾರುತ್ತಾರೆ. ನಮ್ಮಲ್ಲಿ ಉಡಿ ತುಂಬುವಾಗ ಖಣ ಕೊಡುತ್ತೇವಲ್ಲ, ಹಾಗೆ ಅಲ್ಲಿ ಕಾಂಗಾ. ಆದರೆ ಅದರ ಅಂಚಿನ ಮೇಲೆ ಒಂದು ಸಾಲು ಅಚ್ಚು ಹಾಕಿರುತ್ತಾರೆ. ನಾನು ಬಣ್ಣ ನೋಡಿದೆ, ಸಾಲು ನೋಡಲಿಲ್ಲ. ನನಗೆ ವರ್ಷವಿಡೀ ಊಟ ಹಾಕಿದ ತಾಯಿಗೆ ಒಂದು ಜೋಡಿ ಕೊಟ್ಟೆ. ಆಕೆ ಬಿಡಿಸಿ ಓದಿ, ಒಂದು ಗಳಿಗೆ ನನ್ನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. 'ಉಸಿಸಫಿರಿಯೆ ನ್ಯೋಟ ಯ ಮ್ವೆಂಜಿಯೊ' ಅಂತಿತ್ತು. ಬೇರೆಯವರ ನಕ್ಷತ್ರ ನಂಬಿ ಹಡಗು ಬಿಡಬೇಡ ಅಂತ. ಅಕ್ಕಪಕ್ಕದ ಮನೆಯವರಿಗೆ ಚುಚ್ಚಲು ಉಟ್ಟುಕೊಂಡು ಓಡಾಡುವ ಸೀರೆ ಅಂತ ತಿಳಿಯಿರಿ. ಆಕೆ ನಕ್ಕಳು, ನಾನು ಬಚಾವಾದೆ. ನೀವು ಅಂಗಡಿಯಲ್ಲೇ ಯಾರಿಂದಲಾದರೂ ಓದಿಸಿ ತಗೊಳ್ಳಿ. ಹಾಗೇ, ಪ್ಲಾಸ್ಟಿಕ್ ಚೀಲ ಅಲ್ಲಿ 2019ರ ಜೂನ್‌ನಿಂದ ನಿಷೇಧ. ಬಟ್ಟೆಯ ಚೀಲದಲ್ಲಿ ಕೊಡಿ.

ಊರಿನಿಂದ ಏನು ಒಯ್ಯಬೇಕು? ನನ್ನ ನಿವೃತ್ತಿಗೆ ಶಾಲೆಯವರು ಹಾವೇರಿಯ ಏಲಕ್ಕಿ ಹಾರ ಹಾಕಿದ್ದರು. ಅದು ಗೋಡೆಯ ಮೇಲೆ ಸುಮ್ನೆ ತೂಗುತ್ತಿತ್ತು. ಹೋಗುವಾಗ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಕೊನೆಯ ಕ್ಲಾಸಿನ ದಿನ ತೆಗೆದು ತೋರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಮೂಸಿ ನೋಡಿ ಕೂಗಿದ: 'ಇಲಿಕಿ!' ಸ್ವಾಹಿಲಿಯಲ್ಲಿ ಏಲಕ್ಕಿಗೆ ಇಲಿಕಿ ಅನ್ನುತ್ತಾರೆ! ನನಗೆ ಹತ್ತು ತಿಂಗಳಲ್ಲಿ ಅದು ಗೊತ್ತೇ ಆಗಿರಲಿಲ್ಲ. ಇನ್ನೂ ಮಜಾ ಅಂದರೆ ಅವರ ಉಲುಗುರು ಬೆಟ್ಟದಲ್ಲೇ ಏಲಕ್ಕಿ ಬೆಳೆಯುತ್ತಾರೆ. ನಾನು ಮಾಡಿದ್ದು ಬ್ಯಾಡಗಿಗೆ ಮೆಣಸಿನಕಾಯಿ ಹೊತ್ತುಕೊಂಡು ಹೋದ ಹಾಗೆ. ಹಾವೇರಿಯ ಬಯಲಿಗೆ ಏಲಕ್ಕಿ ಬರುವುದೇ ಮಲೆನಾಡಿನಿಂದ, ಪೋಣಿಸುವ ಕೈ ಮಾತ್ರ ನಮ್ಮದು. ಇದನ್ನೆಲ್ಲ ಹೇಳಿ ಬ್ಲೇಡಿನಿಂದ ದಾರ ಕತ್ತರಿಸಿದೆ. ಕಾಯಿ ಮೇಜಿನ ಮೇಲೆಲ್ಲ ಉರುಳಿದವು. ಒಬ್ಬೊಬ್ಬರಿಗೆ ಎರಡೆರಡು ಬಂದವು. ಹಾರದ ಏಲಕ್ಕಿ ಚಹಾಕ್ಕಲ್ಲ, ಬಿಳುಪು ಮಾಡಿರುತ್ತಾರೆ, ತಿನ್ನಬೇಡಿ ಅಂದೆ. ಒಬ್ಬಳು ಆಗಲೇ ಕಾಯಿಯನ್ನು ಜಾಮಿಟ್ರಿ ಬಾಕ್ಸಿನೊಳಗೆ ಹಾಕಿ ಮುಚ್ಚಳ ಮುಚ್ಚಿದ್ದಳು.

ಫೋಟೋ ಕೊಡುವುದಾದರೆ ಕಾಗದದ ಮೇಲೆ ತೆಗೆಸಿ ಕೊಡಿ. ಎಷ್ಟೋ ಮನೆಯಲ್ಲಿ ಫೋನ್ ಇರುವುದು ಒಂದೇ, ಅದೂ ಅಪ್ಪನ ಕೈಯಲ್ಲಿ. ಮಕ್ಕಳ ಫೋಟೋ ಫೇಸ್‌ಬುಕ್ಕಿಗೆ ಹಾಕಬೇಡಿ, ಅದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಮನೆಗೆ ಹೋಗಿ ಹೇಳಿ ಬರುವುದಕ್ಕೆ ನೀವು ಅಂದುಕೊಂಡಿದ್ದರ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ. ಒಂದು ಸಂಜೆಗೆ ಎರಡೇ ಮನೆ. ಹಿರಿಯರಿದ್ದರೆ ಮೊದಲು 'ಶಿಕಾಮೂ' ಅನ್ನಿ. ನಿಮ್ಮ ಕಾಲು ಹಿಡಿಯುತ್ತೇನೆ ಅನ್ನುವುದು ಅದರ ಅರ್ಥ. ಅವರು 'ಮರಹಬಾ' ಅನ್ನುವವರೆಗೆ ಬೇರೆ ಮಾತು ಬೇಡ. ಕಾಲು ಮುಟ್ಟಿ ಬೆಳೆದವರಿಗೆ ಇದೇನು ಕಷ್ಟ? ಕೊಡುವುದು, ತಗೊಳ್ಳುವುದು ಎರಡೂ ಬಲಗೈಯಲ್ಲಿ, ಇಲ್ಲವೇ ಎರಡೂ ಕೈಯಲ್ಲಿ. ಒಬ್ಬ ಅಜ್ಜಿ ನನಗೆ ಜೀವಂತ ಕೋಳಿ ಕೊಟ್ಟಳು. ನಾನು ಮೊಟ್ಟೆ ಕೂಡ ಮುಟ್ಟದವನು. ಬೇಡ ಅನ್ನಬಾರದು ಅಂತ ಮೊದಲೇ ತಿಳಿದಿತ್ತು, ಎರಡೂ ಕೈಯಲ್ಲಿ ತಗೊಂಡೆ. ಅದು ಒಂದು ರಾತ್ರಿ ನನ್ನ ಕೋಣೆಯಲ್ಲೇ ಕಳೆಯಿತು, ನಸುಕಿನಲ್ಲಿ ನನ್ನ ಚಪ್ಪಲಿಯ ಮೇಲೆ ಗಲೀಜು ಮಾಡಿತು. ಬೆಳಿಗ್ಗೆ ಶಾಲೆಯ ವಾಚ್‌ಮನ್ ಮನೆಗೆ ಕೊಟ್ಟೆ.

ಇನ್ನೊಂದು ಸಂಗತಿ. ಹೊಸ್ತಿಲಲ್ಲಿ ಹೇಳಿದ ವಿದಾಯ ಅಲ್ಲಿ ಪೂರ್ತಿ ಅಲ್ಲ. ಮನೆಯವರು ನಿಮ್ಮ ಜೊತೆ ಒಂದಷ್ಟು ದೂರ ನಡೆದು ಬರುತ್ತಾರೆ. ಅದಕ್ಕೆ 'ಕುಸಿಂಡಿಕಿಜಾ' ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬೀಗರನ್ನು ಅಗಸಿಯ ತನಕ ಕಳಿಸಿ ಬರುತ್ತಿದ್ದರಲ್ಲ, ಅದೇ. ಈಗ ನಾವು ಗೇಟಿನಲ್ಲೇ ಕೈ ಬೀಸಿ ಬಾಗಿಲು ಹಾಕುತ್ತೇವೆ. 'ಇರಲಿ ಬಿಡಿ, ಕತ್ತಲಾಯಿತು' ಅಂತ ಅವರನ್ನು ಹಿಂದಕ್ಕೆ ಕಳಿಸಬೇಡಿ. ಆಡಬೇಕಾದ ಮಾತು ಆ ದಾರಿಯಲ್ಲೇ ಬರುತ್ತದೆ. ಊಟ ಹಾಕಿದ ಆ ತಾಯಿ ತನ್ನ ತೀರಿಹೋದ ಮಗನ ಹೆಸರು ನನಗೆ ಹೇಳಿದ್ದು ಕೊನೆಯ ದಿನ, ಬಾಳೆತೋಟದ ತಿರುವಿನಲ್ಲಿ.

ಕೊನೆಗೆ ಗಡಿಯಾರದ ವಿಚಾರ. ಇದು ನನ್ನನ್ನು ಈಗಲೂ ಕೊರೆಯುತ್ತದೆ. ಸ್ವಾಹಿಲಿಯಲ್ಲಿ ಗಂಟೆ ಶುರುವಾಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ನಮ್ಮ ಹತ್ತು ಅವರಿಗೆ ನಾಲ್ಕು. ವರ್ಷವಿಡೀ ಇದರಲ್ಲೇ ಟೈಮ್‌ಟೇಬಲ್ ನಡೆಸಿದವನು ನಾನು. ಆದರೆ ಹೊರಡುವ ಹಿಂದಿನ ದಿನ, ಪೆಟ್ಟಿಗೆ ಕಟ್ಟುತ್ತಾ, ಬಸ್ಸು ಎಷ್ಟಕ್ಕೆ ಅಂತ ಮಕ್ಕಳು ಕೇಳಿದಾಗ ತಲೆಯಲ್ಲಿ ಕನ್ನಡದ ಐದು ಗಂಟೆ ಓಡುತ್ತಿತ್ತು. 'ಸಾ ಟಾನೊ' ಅಂದೆ. ಐದು ಗಂಟೆ. ಅವರ ಲೆಕ್ಕದಲ್ಲಿ ಅದು ಬೆಳಿಗ್ಗೆ ಹನ್ನೊಂದು.

ನಸುಕಿನ ಐದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಹೆಡ್‌ಮಾಸ್ತರ ಒಬ್ಬರೇ ಇದ್ದರು. ಮಕ್ಕಳು ಮಲಗಿರಬೇಕು ಅಂದುಕೊಂಡೆ, ಸ್ವಲ್ಪ ಬೇಜಾರೂ ಆಯಿತು. ದಾರ್ ಎಸ್ ಸಲಾಮ್ ಸುಮಾರು ಇನ್ನೂರು ಕಿಲೋಮೀಟರ್. (ಈಗ ಅಲ್ಲಿಗೆ 2024ರಿಂದ ಕರೆಂಟಿನ ರೈಲು ಓಡುತ್ತಿದೆ, ಅದರಲ್ಲೇ ಹೋಗಿ.) ನಾನು ಅಲ್ಲಿ ಇಳಿದು ಚಹಾ ಕುಡಿಯುವಾಗ ಫೋನಿಗೆ ಒಂದು ಫೋಟೋ ಬಂತು. ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಇಡೀ ಕ್ಲಾಸು ಬಸ್ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿತ್ತು. ರಜೆಯ ದಿನ ಅದು.

ಹೊರಡುವ ಹೊತ್ತನ್ನು ಬಾಯಲ್ಲಿ ಹೇಳಬೇಡಿ. ಚೀಟಿಯಲ್ಲಿ ಬರೆದು, ಅಲ್ಲಿಯವರೊಬ್ಬರಿಗೆ ತೋರಿಸಿ, ಅವರಿಂದಲೇ ಬೋರ್ಡಿನ ಮೇಲೆ ಬರೆಸಿ.

ವಾಪಸ್ ಬಂದ ಮೇಲೆ ಎಷ್ಟು ಸಾಧ್ಯವೋ ಅಷ್ಟೇ ಸಂಪರ್ಕ ಇಟ್ಟುಕೊಳ್ಳಿ. ನಾನು ತಿಂಗಳಿಗೆ ಒಂದು ಶನಿವಾರ ಫೋನ್ ಮಾಡುತ್ತೇನೆ. ಅವರು ನಮಗಿಂತ ಎರಡೂವರೆ ಗಂಟೆ ಹಿಂದೆ, ಅದನ್ನೂ ಈಗ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಹಾರ ತೂಗುತ್ತಿದ್ದ ಮೊಳೆಯ ಕೆಳಗೆ. ಮುಂದಿನ ಬೆಂಚಿನ ಆ ಹುಡುಗಿ ಪ್ರತಿ ಸಲ ಹೆಡ್‌ಮಾಸ್ತರ ಕೈಯಿಂದ ಫೋನ್ ಕಸಿದುಕೊಂಡು ಒಂದೇ ಮಾತು ಕೇಳುತ್ತಾಳೆ: 'ಲಿನಿ?' ಹೋದ ತಿಂಗಳು ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ನವೀಕರಣಕ್ಕೆ ಕೊಟ್ಟು ಬಂದೆ. ಅವಳಿಗೆ ಇನ್ನೂ ಹೇಳಿಲ್ಲ.