ಹುಬ್ಬಳ್ಳಿಯಲ್ಲಿ ಸೂಪರ್‌ಕಾರ್: ಖರೀದಿಗೆ ಮುನ್ನ ಲೆಕ್ಕ

ಶೋರೂಂ ಬೆಲೆ ನೋಡಿ ತೀರ್ಮಾನಿಸಬೇಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆಯೇ 18%, ಮೇಲೆ ಸೆಸ್ ಬೇರೆ. ಮರುಮಾರಾಟದಲ್ಲಿ ಆ ಹಣ ಪೂರ್ತಿ ಮರಳದು. ಹಾಗಾಗಿ ಮೂರು-ನಾಲ್ಕು ವರ್ಷ ಹಳೆಯ, ಕೆಎ ನೋಂದಣಿಯ ಕಾರೇ ಲೇಸು. ಹೊರರಾಜ್ಯದ್ದಾದರೆ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ಮರುನೋಂದಣಿ, ಮತ್ತೆ ತೆರಿಗೆ.

ಮೌಲ್ಯ ಉಳಿಸಿಕೊಳ್ಳುವುದರಲ್ಲಿ ಪೋರ್ಷೆ 911 ಗಟ್ಟಿ. ಮೆಕ್‌ಲಾರೆನ್ ಬೇಗ ಇಳಿಯುತ್ತದೆ. ವಿಮೆಯ ಐಡಿವಿಯೂ (ವಿಮೆಗೆ ಲೆಕ್ಕ ಹಿಡಿಯುವ ಕಾರಿನ ಮೌಲ್ಯ) ಐದನೇ ವರ್ಷಕ್ಕೆ ಅರ್ಧವಾಗುತ್ತದೆ.

ಫ್ರಂಟ್ ಲಿಫ್ಟ್ (ಕಾರಿನ ಮುಂಭಾಗವನ್ನು ಮೇಲೆತ್ತುವ ವ್ಯವಸ್ಥೆ) ಇಲ್ಲದ ಕಾರು ಬೇಡವೇ ಬೇಡ: ನಮ್ಮ ಹಂಪುಗಳು ಮೂತಿ ಕೆರೆಯುತ್ತವೆ. ಲಿಫ್ಟನ್ನು ಹತ್ತು ಸಲ ಏರಿಳಿಸಿ ನೋಡಿ. ಎಣ್ಣೆ ಸೋರಿದರೆ ದುರಸ್ತಿ ದುಬಾರಿ. ಟೈರಿನ ಮೇಲಿನ ತಯಾರಿಕೆಯ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಸವಕಳಿ ಕಾಣದಿದ್ದರೂ ಬದಲಿಸಲೇಬೇಕು, ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ಸರ್ವಿಸ್‌ಗೆ ಬೆಂಗಳೂರು, ಸುಮಾರು 410 ಕಿ.ಮೀ.; ಕಾರು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿಯ ಬಾಡಿಗೆಯನ್ನೂ ವರ್ಷದ ಖರ್ಚಿಗೆ ಸೇರಿಸಿ.